ಚೆನ್ನಾಗಿದೆ ಎನ್ನಲು ಆಧಾರವೇನು?

ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಸಿನಿಮಾಕ್ಕೆ ತೀರ್ಪು ಕೊಡುವ ಎರಡು ಪೀಠಗಳಿವೆ. ಒಂದು ನವರಂಗ್ ಚಿತ್ರಮಂದಿರದ ಮುಂದಿನ ಅಂಗಳ. ದೊಡ್ಡ ನಟನ ಚಿತ್ರ ಬಿಡುಗಡೆಯಾದ ದಿನ ಬೆಳಗಿನ ಆಟ ಬಿಡುವ ಹೊತ್ತಿಗೆ ಮೈಕು, ಮೊಬೈಲು ಹಿಡಿದವರು ಗೇಟಿನ ಬಳಿ ಕಾದಿರುತ್ತಾರೆ. ‘ಫಸ್ಟ್ ಹಾಫ್ ಬೆಂಕಿ, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು, ಒಟ್ಟಿನಲ್ಲಿ ಪೈಸಾ ವಸೂಲ್ ಗುರು’ ಎಂಬಲ್ಲಿಗೆ ತೀರ್ಪು ಮುಗಿಯುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ಒರಾಯನ್ ಮಾಲ್ ಸಿಗುತ್ತದೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವ ಹಲವು ವರ್ಷ ನಡೆದದ್ದು ಅಲ್ಲೇ. 2025ರ ಮಾರ್ಚ್‌ನ 16ನೆಯ ಉತ್ಸವವೂ ಅಲ್ಲೇ ಆಯಿತು. ಕೊರಳಿಗೆ ಪಾಸು ನೇತುಹಾಕಿಕೊಂಡು ಇರಾನಿನ ಚಿತ್ರ ನೋಡಿ ಬಂದವರು ಎಸ್ಕಲೇಟರಿನ ಬುಡದಲ್ಲಿ ನಿಂತು ಫ್ರೇಮು, ಮೌನ, ರೂಪಕಗಳ ಬಗ್ಗೆ ಮಾತಾಡುತ್ತಿದ್ದರು. ಕನ್ನಡಕ್ಕೆ, ಭಾರತಕ್ಕೆ, ಏಷ್ಯಾಕ್ಕೆ ಬೇರೆ ಬೇರೆ ಸ್ಪರ್ಧೆ, ಬೇರೆ ಬೇರೆ ತೀರ್ಪುಗಾರರು.

ನವರಂಗ್ ಪೀಠದವರಿಗೆ ಒರಾಯನ್ ಪೀಠದವರು ‘ಅವಾರ್ಡ್ ಪಿಕ್ಚರ್ ಗಿರಾಕಿಗಳು’. ಒರಾಯನ್‌ನವರಿಗೆ ನವರಂಗ್‌ನವರು ಬರೀ ‘ಫ್ಯಾನ್ಸು’. ಮಾಗಡಿ ರಸ್ತೆಯ ಪ್ರಸನ್ನ, ವೀರೇಶ್, ಅಂಜನ್ ಥಿಯೇಟರುಗಳಿಗೆ ನಡೆದುಹೋಗಿ ಬೆಳೆದ ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಈ ಎರಡು ಪಂಗಡಗಳೂ ಒಂದೇ ಸೂರಿನಡಿ ಬಾಳುತ್ತಿವೆ. ನಡುವೆ ಟೀವಿಯ ಮುಂದೆ ಕೂತ ಅಜ್ಜಿ ‘ಈಗಿನವೂ ಒಂದು ಪಿಕ್ಚರಾ’ ಎಂದು ಮೂರನೆಯ ತೀರ್ಪು ಕೊಟ್ಟಿರುತ್ತಾರೆ. ಮಾತು ಬೆಳೆದು ಯಾರೋ ಒಬ್ಬರು ‘ಅವರವರ ಟೇಸ್ಟು, ಬಿಡಿ’ ಎನ್ನುವವರೆಗೂ ಜಗಳ ನಿಲ್ಲುವುದಿಲ್ಲ.

ಆ ಕೊನೆಯ ಮಾತು ಸೌಜನ್ಯಕ್ಕೆ ಹೇಳಿದ್ದು. ಹೇಳಿದವರಿಗೂ ಅದರಲ್ಲಿ ನಂಬಿಕೆಯಿಲ್ಲ. ಬದನೆಕಾಯಿ ಸೇರದವನ ಜೊತೆ ಯಾರೂ ವಾದಕ್ಕೆ ಕೂರುವುದಿಲ್ಲ. ನಮಗೆ ಪ್ರಿಯವಾದ ಸಿನಿಮಾ ಸೇರದವನ ಜೊತೆ ರಾತ್ರಿ ಹನ್ನೊಂದರವರೆಗೂ ಕೂರುತ್ತೇವೆ, ‘ಆ ಸೀನು ನೀನು ಸರಿಯಾಗಿ ನೋಡಲೇ ಇಲ್ಲ’ ಎನ್ನುತ್ತೇವೆ. ಅಂದರೆ ಸರಿಯಾಗಿ ನೋಡುವುದು ಎಂಬುದೊಂದಿದೆ ಎಂದು ಒಳಗೊಳಗೇ ಒಪ್ಪಿದ್ದೇವೆ. 1790ರಲ್ಲಿ ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಬೆರಳಿಟ್ಟದ್ದು ಈ ವಿಚಿತ್ರದ ಮೇಲೆಯೇ: ಸೌಂದರ್ಯದ ತೀರ್ಪು ಹುಟ್ಟುವುದು ಒಬ್ಬನ ಅನುಭವದಲ್ಲಿ, ಆದರೆ ಅದು ಎಲ್ಲರ ಒಪ್ಪಿಗೆಯನ್ನೂ ಕೇಳುತ್ತದೆ. ಕೇಳುವ ಹಕ್ಕು ಎಲ್ಲಿಂದ ಬರುತ್ತದೆ ಎಂಬುದೇ ಪ್ರಶ್ನೆ.

ಅಧಿಕಾರ ಇದ್ದವರು ಕೊಟ್ಟ ತೀರ್ಪಾದರೂ ವಸ್ತುನಿಷ್ಠವಾಗಿರುತ್ತದೆಯೇ? ಕನ್ನಡದ ಅನುಭವ ಹಾಗೆ ಹೇಳುವುದಿಲ್ಲ. ಯು.ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿ ‘ಸಂಸ್ಕಾರ’ ಎಂದು ತೆರೆಗೆ ತಂದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಮೇಲ್ಮನವಿಯ ಹಾದಿ ಹಿಡಿದು ಚಿತ್ರ ಹೊರಬಂತು. ಹೊರಬಂದ ಅದೇ ಚಿತ್ರ 1970ನೇ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ಸರ್ಕಾರ ಒಂದೇ, ಕಾಲವೂ ಒಂದೇ, ರೀಲುಗಳೂ ಅವೇ. ಒಂದು ಸಮಿತಿಗೆ ಅದು ಜನ ನೋಡಬಾರದ ಚಿತ್ರವಾಗಿ ಕಂಡಿತು, ಇನ್ನೊಂದಕ್ಕೆ ದೇಶದಲ್ಲೇ ಶ್ರೇಷ್ಠವಾಗಿ. ಎರಡರಲ್ಲಿ ಒಂದು ಸಮಿತಿ ದಡ್ಡರದ್ದಾಗಿತ್ತು ಎನ್ನುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಸೆನ್ಸಾರ್‌ನವರು ಕೇಳಿಕೊಂಡದ್ದು ‘ಇದನ್ನು ತೋರಿಸಿದರೆ ಏನಾದೀತು’ ಎಂದು. ಪ್ರಶಸ್ತಿ ಸಮಿತಿ ಕೇಳಿಕೊಂಡದ್ದು ‘ಇದು ಏನು ಸಾಧಿಸಿದೆ’ ಎಂದು. ಮೊದಲ ಪ್ರಶ್ನೆಗೆ ಉತ್ತರ ಊಹೆ, ಅದರಲ್ಲೂ ಹೆದರಿಕೆಯ ಊಹೆ. ಎರಡನೆಯದಕ್ಕೆ ಉತ್ತರ ಬೇಕಾದರೆ ತೆರೆಯನ್ನೇ ನೋಡಬೇಕು. ಹಾಗಾಗಿ ಎರಡು ತೀರ್ಪುಗಳ ತೂಕ ಒಂದೇ ಅಲ್ಲ. ಐವತ್ತು ವರ್ಷ ಕಳೆದ ಮೇಲೆ ಮೊದಲನೆಯದನ್ನು ಸಮರ್ಥಿಸುವವರು ಯಾರೂ ಉಳಿದಿಲ್ಲ.

ಎರಡೇ ವರ್ಷದ ಮೇಲೆ ಬಂದ ‘ನಾಗರಹಾವು’ ಇದಕ್ಕಿಂತ ತೊಡಕಿನ ಪ್ರಕರಣ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಟ್ಟು ಹೆಣೆದು ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ಈ ಚಿತ್ರಕ್ಕೆ ನಾಡೇ ಮುಗಿಬಿತ್ತು, ವಿಷ್ಣುವರ್ಧನ್ ಒಂದೇ ಚಿತ್ರದಿಂದ ನಾಯಕನಾದರು. ಮೂಲ ಲೇಖಕರಿಗೆ ಮಾತ್ರ ಹಿಡಿಸಲಿಲ್ಲ. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ಗೊಣಗಿದ ಮಾತು ಚಿತ್ರದಷ್ಟೇ ಪ್ರಸಿದ್ಧ. ಯಾರದು ಸರಿ? ಪುಸ್ತಕದ ನಾಯಕ ರಾಮಾಚಾರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಲೇಖಕರ ಅಸಮಾಧಾನಕ್ಕೆ ಆಧಾರವಿದೆ: ಸಿನಿಮಾ ಅವನನ್ನು ಕಣ್ಣೀರಿಗೆ ಹತ್ತಿರ ತಂದಿತು, ಹಾಡಿಗೆ ಹತ್ತಿರ ತಂದಿತು, ವಿಷದ ಹಲ್ಲು ಸ್ವಲ್ಪ ಮೊಂಡಾಯಿತು. ಪುಸ್ತಕ ಓದದವರಿಗೆ ಈ ನಷ್ಟವೇ ಗೊತ್ತಿಲ್ಲ. ಅವರ ಮುಂದೆ ಚಿತ್ರದುರ್ಗದ ಬಂಡೆಗಳಿವೆ, ಚಾಮಯ್ಯ ಮೇಷ್ಟ್ರಿದ್ದಾರೆ, ಗುರುವಿನ ಮಾತಿಗೆ ತಲೆಬಾಗಿ ಕೆಡುವ ಒಬ್ಬ ಹುಡುಗನಿದ್ದಾನೆ. ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾರೆ. 2018ರಲ್ಲಿ ಚಿತ್ರ ಹೊಸ ತಂತ್ರಜ್ಞಾನದಲ್ಲಿ ಮತ್ತೆ ತೆರೆ ಕಂಡಿತು. ನಲವತ್ತಾರು ವರ್ಷದ ಮೇಲೂ ಜನ ಟಿಕೆಟ್ ಕೊಂಡರು ಎಂಬುದೂ ಒಂದು ಸಾಕ್ಷಿಯೇ, ಆದರೆ ಅದು ನೆನಪಿನ ಪರವಾದ ಸಾಕ್ಷಿಯೋ ಕಲೆಯ ಪರವಾದ ಸಾಕ್ಷಿಯೋ ಎಂದು ಬಿಡಿಸುವುದು ಕಷ್ಟ.

ನಮ್ಮ ಕಾವ್ಯಮೀಮಾಂಸೆಗೆ ಈ ತೊಡಕು ಹೊಸದಲ್ಲ. ರಸ ಇರುವುದು ಪಾತ್ರದಲ್ಲೋ, ನಟನಲ್ಲೋ, ನೋಡುವವನಲ್ಲೋ ಎಂದು ಶತಮಾನಗಟ್ಟಲೆ ತಿಕ್ಕಾಡಿದ ಮೇಲೆ ಅಭಿನವಗುಪ್ತ ಕೊಟ್ಟ ಉತ್ತರ, ನೋಡುವವನಲ್ಲಿ. ಆದರೆ ‘ನನ್ನದು, ನಿನ್ನದು’ ಕಳಚಿದ ಸ್ಥಿತಿಯಲ್ಲಿ. ಸ್ವಂತ ದುಃಖಕ್ಕೆ ಅತ್ತರೆ ಅದು ಶೋಕ, ರಂಗದ ದುಃಖಕ್ಕೆ ಅತ್ತರೆ ಕರುಣರಸ. ಈ ಅಳತೆಗೋಲು ಇಂದಿಗೂ ಕೆಲಸಕ್ಕೆ ಬರುತ್ತದೆ. ತನ್ನ ನೆಚ್ಚಿನ ನಟ ಎಂಬ ಕಾರಣಕ್ಕೆ ಶಿಳ್ಳೆ ಹಾಕಿದವನೂ, ತನ್ನ ಜಾತಿಯನ್ನು ಬೈದರು ಎಂದು ಎದ್ದು ಹೋದವನೂ ಇನ್ನೂ ‘ನನ್ನದು’ ಎಂಬಲ್ಲೇ ಕೂತವರು.

ಇನ್ನೂ ಮೋಜಿನವನು ರಾಜಶೇಖರ. ಹತ್ತನೆಯ ಶತಮಾನದ ‘ಕಾವ್ಯಮೀಮಾಂಸಾ’ದಲ್ಲಿ ಅವನು ವಿಮರ್ಶಕರನ್ನು ನಾಲ್ಕು ಜಾತಿ ಮಾಡುತ್ತಾನೆ. ಏನು ಕೊಟ್ಟರೂ ರುಚಿಸದ ಅರೋಚಕಿ. ಹುಲ್ಲುಸಮೇತ ಎಲ್ಲವನ್ನೂ ನುಂಗುವ ಸತೃಣಾಭ್ಯವಹಾರಿ. ಕಣ್ಣಿಗೆ ಒಳ್ಳೆಯದು ಕಂಡರೂ ಬಾಯಿಗೆ ಬಾರದ ಮತ್ಸರಿ. ಕೊನೆಗೆ ತತ್ತ್ವಾಭಿನಿವೇಶಿ, ಅಂದರೆ ಕೃತಿಯ ತಿರುಳಿಗೆ ತೊಡಗುವವನು; ಇವನು ಸಾವಿರಕ್ಕೊಬ್ಬ ಎಂದು ನಿಟ್ಟುಸಿರು ಬಿಡುತ್ತಾನೆ. ನವರಂಗ್ ಅಂಗಳದಲ್ಲಿ ಎರಡನೆಯ ಜಾತಿ ಹೆಚ್ಚು, ಚಿತ್ರೋತ್ಸವದ ಕಾಫಿ ಸರದಿಯಲ್ಲಿ ಮೊದಲನೆಯದು ಹೆಚ್ಚು. ಮೂರನೆಯದರ ವಿಳಾಸ ಚಿತ್ರೋದ್ಯಮದ ನೆಲೆಯಾದ ಗಾಂಧಿನಗರದವರಿಗೆ ಚೆನ್ನಾಗಿ ಗೊತ್ತು. ಸಾವಿರ ವರ್ಷಗಳಲ್ಲಿ ಈ ಪಟ್ಟಿಗೆ ಸೇರಬೇಕಾದವನು ಒಬ್ಬನೇ, ದುಡ್ಡು ತೆಗೆದುಕೊಂಡು ಹೊಗಳುವವನು.

ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ 1757ರಲ್ಲಿ ಹತ್ತಿರ ಹತ್ತಿರ ಇದೇ ದಾರಿ ಹಿಡಿದ. ಸೌಂದರ್ಯ ವಸ್ತುವಿನಲ್ಲಿಲ್ಲ ಎಂದು ಒಪ್ಪಿಯೂ, ಸೂಕ್ಷ್ಮತೆ, ಅಭ್ಯಾಸ, ಹೋಲಿಸಿ ನೋಡುವ ಗುಣ, ಪೂರ್ವಗ್ರಹ ಇಲ್ಲದಿರುವುದು, ಇವೆಲ್ಲ ಇರುವ ಬಲ್ಲವರು ಒಮ್ಮತಕ್ಕೆ ಬಂದರೆ ಅದೇ ಪ್ರಮಾಣ ಎಂದ. ಕೇಳಲು ಹಿತವಾಗಿದೆ. ಆದರೆ ಬಲ್ಲವರು ಯಾರು ಎಂದು ಗೊತ್ತುಮಾಡುವ ಬಲ್ಲವರು ಯಾರು? ನಮ್ಮ ಕೇಂದ್ರ ಸರ್ಕಾರ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಸಿನಿಮಾ ವಿಮರ್ಶಕನಿಗೂ ಒಂದು ಪ್ರಶಸ್ತಿ ಇಟ್ಟಿದೆ, ಅದಕ್ಕೂ ಒಂದು ತೀರ್ಪುಗಾರ ಸಮಿತಿ ಇದೆ. ಹ್ಯೂಮ್ ಕಂಡಿದ್ದರೆ ನಗುತ್ತಿದ್ದ.

ಇತ್ತೀಚೆಗೆ ಪ್ರಯೋಗಗಳೂ ನಡೆದಿವೆ. 2006ರಲ್ಲಿ ಅಮೆರಿಕದಲ್ಲಿ ಸ್ಯಾಲ್ಗನಿಕ್, ಡಾಡ್ಸ್, ವಾಟ್ಸ್ ಎಂಬ ಮೂವರು ಸಂಶೋಧಕರು ಹೆಸರೇ ಕೇಳದ ತಂಡಗಳ 48 ಹಾಡುಗಳನ್ನು 14,341 ಜನರ ಮುಂದಿಟ್ಟರು. ಕೆಲವರಿಗೆ ಹಾಡು ಮಾತ್ರ ಸಿಕ್ಕಿತು, ಉಳಿದವರನ್ನು ಎಂಟು ಗುಂಪು ಮಾಡಿ ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡರು ಎಂಬ ಲೆಕ್ಕವನ್ನೂ ತೋರಿಸಿದರು. ಲೆಕ್ಕ ಕಂಡ ಗುಂಪುಗಳಲ್ಲಿ ಗೆದ್ದ ಹಾಡುಗಳು ಭಾರೀ ಗೆದ್ದವು, ಆದರೆ ಒಂದೊಂದು ಗುಂಪಿನಲ್ಲಿ ಗೆದ್ದದ್ದು ಒಂದೊಂದು. ತೀರಾ ಒಳ್ಳೆಯವು ಪೂರ್ತಿ ಸೋಲಲಿಲ್ಲ, ತೀರಾ ಕೆಟ್ಟವು ಗೆಲ್ಲಲಿಲ್ಲ. ಮಧ್ಯದ ದೊಡ್ಡ ಗುಂಪಿನ ಹಣೆಬರಹ ಮಾತ್ರ ಮೊದಲು ಯಾರು ಕೈ ಎತ್ತಿದರು ಎಂಬುದರ ಮೇಲೆ ನಿಂತಿತ್ತು. ಗಾಂಧಿನಗರ ‘ಓಪನಿಂಗ್’ಗಾಗಿ ಯಾಕಷ್ಟು ಹೆಣಗುತ್ತದೆ, ಮೊದಲ ದಿನದ ‘ಹೌಸ್‌ಫುಲ್’ ಬೋರ್ಡಿಗೆ ಯಾಕಷ್ಟು ಬೆಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ಸಿಗದು.

ಇನ್ನೊಂದು ಪ್ರಯೋಗ ಚಿತ್ರಕಲೆಯದು, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದದ್ದು. ಮತ್ತೆ ಮತ್ತೆ ಕಂಡದ್ದು ನಮಗೆ ಇಷ್ಟವಾಗುತ್ತಾ ಹೋಗುತ್ತದೆ, ಹಾಗಾಗಿ ‘ಶ್ರೇಷ್ಠ’ ಎಂಬುದೆಲ್ಲ ರೂಢಿಯ ಮಾತು ಎಂಬ ವಾದವಿತ್ತು. ಸಂಶೋಧಕರು ಕ್ಯಾಲೆಂಡರ್ ಚಿತ್ರಗಳಿಗೆ ಹೆಸರಾದ ಥಾಮಸ್ ಕಿಂಕೇಡ್‌ನ ವರ್ಣಚಿತ್ರಗಳನ್ನು ವಿದ್ಯಾರ್ಥಿಗಳಿಗೆ ಮತ್ತೆ ಮತ್ತೆ ತೋರಿಸಿದರು. ನೋಡಿದಷ್ಟೂ ಇಷ್ಟ ಕಡಿಮೆಯಾಯಿತು. ಮಿಲೇ ಎಂಬ ಒಳ್ಳೆಯ ಕಲಾವಿದನ ಚಿತ್ರಗಳಿಗೆ ಹಾಗಾಗಲಿಲ್ಲ. ಒಂದೇ ಪ್ರಯೋಗದಿಂದ ಲೋಕವನ್ನು ತೀರ್ಮಾನಿಸಬಾರದು, ಆದರೂ ಮತ್ತೆ ನೋಡಿದಾಗ ತಾಳಿಕೊಳ್ಳುವ ಗುಣ ಕೃತಿಯಲ್ಲೇ ಇರಬಹುದು ಎಂಬ ಹಳೆಯ ಅನುಭವಕ್ಕೆ ಇದು ಬಲ ಕೊಡುತ್ತದೆ.

ಈ ಕಾಲದವರು ನಂಬುವುದು ಅಂಕಿಯನ್ನು. ಟಿಕೆಟ್ ಕೊಳ್ಳುವ ಮುನ್ನ ಹತ್ತಕ್ಕೆ ಎಷ್ಟು ಎಂದು ನೋಡಿಕೊಳ್ಳದವರು ಈಗ ಕೆಂಗೇರಿಯಲ್ಲೂ ವಿರಳ. ಅಂಕಿ ಕಂಡರೆ ವಸ್ತುನಿಷ್ಠ ಎನ್ನಿಸುತ್ತದೆ, ಮೋಸ ಇರುವುದೇ ಅಲ್ಲಿ. ರಾಟನ್ ಟೊಮ್ಯಾಟೋಸ್‌ನ ಶೇಕಡಾವಾರು ಚಿತ್ರದ ಗುಣಮಟ್ಟವನ್ನು ಹೇಳುವುದೇ ಇಲ್ಲ, ನೂರು ವಿಮರ್ಶಕರಲ್ಲಿ ಎಷ್ಟು ಜನ ‘ಪರವಾಗಿಲ್ಲ’ ಎಂದರು ಎನ್ನುವುದನ್ನು ಮಾತ್ರ ಹೇಳುತ್ತದೆ. ನೂರಕ್ಕೆ ನೂರೂ ಜನ ಐದಕ್ಕೆ ಮೂರು ಕೊಟ್ಟ ಸಾಧಾರಣ ಚಿತ್ರ ಅಲ್ಲಿ ನೂರು ಪಡೆಯಬಹುದು. ಅರ್ಧ ಜನರನ್ನು ಮರುಳುಮಾಡಿ ಅರ್ಧ ಜನರನ್ನು ರೇಗಿಸಿದ ಚಿತ್ರಕ್ಕೆ ಐವತ್ತೇ ಗತಿ. ನಮ್ಮಲ್ಲಂತೂ ಅಂಕಿಯ ಹಿಂದೆ ಅಭಿಮಾನಿ ಸಂಘಗಳ ಕದನವೂ ಇದೆ: ಚಿತ್ರ ನೋಡದೆಯೇ ಹತ್ತು, ನೋಡದೆಯೇ ಒಂದು. ಬೇಸತ್ತ ನಿರ್ಮಾಪಕರು ನ್ಯಾಯಾಲಯಕ್ಕೆ ಹೋಗಿದ್ದಾರೆ. ಬಿಡುಗಡೆಯಾದ ಮೂರು ದಿನ ವಿಮರ್ಶೆಯನ್ನೇ ತಡೆಯಿರಿ ಎಂದು ತಮಿಳು ನಿರ್ಮಾಪಕರು ಕೇಳಿದಾಗ ಮದ್ರಾಸ್ ಹೈಕೋರ್ಟ್ 2024ರಲ್ಲಿ ಒಪ್ಪಲಿಲ್ಲ. ವಿಮರ್ಶೆ ಅಭಿವ್ಯಕ್ತಿ ಸ್ವಾತಂತ್ರ್ಯದ ವಿಷಯ ಎಂದಿತು. ಸರಿಯಾದ ನಿಲುವು. ನಕಲಿ ಖಾತೆಗಳನ್ನು ತಡೆಯಲಿ, ಅದಕ್ಕೆ ಕಾನೂನಿದೆ. ಕೆಟ್ಟದ್ದೆಂದು ಹೇಳುವ ನಿಜವಾದ ನೋಡುಗನ ಬಾಯಿ ಮುಚ್ಚಿಸಿದರೆ ಹೊಗಳಿದ್ದಕ್ಕೂ ಬೆಲೆ ಉಳಿಯದು.

ಅಂಕಿ ಬೇಡ, ಬಲ್ಲವರ ಮತ ಬೇಕು ಎನ್ನುವವರು ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯತ್ತ ಕೈ ತೋರಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆ ಅದು ಜಗತ್ತಿನ ವಿಮರ್ಶಕರನ್ನು ಸರ್ವಶ್ರೇಷ್ಠ ಚಿತ್ರ ಯಾವುದೆಂದು ಕೇಳುತ್ತದೆ. 1952ರಲ್ಲಿ ‘ಬೈಸಿಕಲ್ ಥೀವ್ಸ್’ ಮೊದಲು ಬಂತು. 1962ರಿಂದ 2002ರವರೆಗೆ ‘ಸಿಟಿಜನ್ ಕೇನ್’ ಅಲುಗಾಡಲಿಲ್ಲ. 2012ರಲ್ಲಿ ‘ವರ್ಟಿಗೋ’. 2022ರಲ್ಲಿ ಮತದಾರರ ಸಂಖ್ಯೆ 846ರಿಂದ 1,600 ದಾಟಿದಾಗ ಮೊದಲ ಸ್ಥಾನಕ್ಕೆ ಬಂದದ್ದು ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ ‘ಜಾನ್ ಡೀಲ್‌ಮನ್’: ಒಬ್ಬ ವಿಧವೆ ಅಡಿಗೆ ಮಾಡುವುದು, ಆಲೂಗಡ್ಡೆ ಸುಲಿಯುವುದು, ಹಾಸಿಗೆ ಸರಿಮಾಡುವುದು, ಒಟ್ಟು 201 ನಿಮಿಷ. ಮತ ಹಾಕುವವರು ಬದಲಾದರು, ಶ್ರೇಷ್ಠವೂ ಬದಲಾಯಿತು.

ವೀರೇಶ್‌ನಲ್ಲಿ ಈ ಚಿತ್ರ ಹಾಕಿದರೆ ಅರ್ಧ ಗಂಟೆಯೊಳಗೆ ‘ಲ್ಯಾಗು’ ಎಂಬ ಕೂಗು ಏಳುವುದು ಖಂಡಿತ. ಕೂಗಿದವರನ್ನು ಹಳಿಯುವ ಮುಂಚೆ ಆ ಮಾತನ್ನು ಸ್ವಲ್ಪ ವಿಚಾರಿಸಬೇಕು. ನಮ್ಮ ನೋಡುಗರ ವಿಮರ್ಶೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಆರೋಪ ಅದೇ. ಒಂದು ಶಾಟ್ ಎಷ್ಟು ಸೆಕೆಂಡ್ ಇದೆ ಎಂಬುದು ಗಡಿಯಾರದ ವಿಷಯ, ಅದರಲ್ಲಿ ಟೇಸ್ಟಿನ ಮಾತಿಲ್ಲ. ಆ ಸೆಕೆಂಡುಗಳಲ್ಲಿ ಏನಾದರೂ ಕೂಡಿಬರುತ್ತಿದೆಯೇ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರವನ್ನು ತೋರಿಸಿ ವಾದಿಸಬಹುದು: ಡೀಲ್‌ಮನ್‌ಳ ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದುಹೋದಾಗ ನಮಗೆ ದಿಗಿಲಾಗುವುದು ಮೊದಲ ದಿನದ ನಿಧಾನವನ್ನು ನಾವು ಕೂತು ಅನುಭವಿಸಿದ್ದರಿಂದಲೇ. ನಾಯಕ ಇಪ್ಪತ್ತು ಜನರನ್ನು ಬಡಿದ ಮೇಲೆ ಮತ್ತೆ ಇಪ್ಪತ್ತು ಜನರನ್ನು ಬಡಿಯುವ ಹೊಡೆದಾಟದಲ್ಲಿ ಹೊಸತೇನೂ ಕೂಡುವುದಿಲ್ಲ; ಅದು ವೇಗವಾಗಿದ್ದರೂ ಲ್ಯಾಗೇ. ಮೂರನೆಯ ಪ್ರಶ್ನೆ, ನನಗೆ ಅಷ್ಟು ಹೊತ್ತು ಕೂರುವ ತಾಳ್ಮೆ ಇದೆಯೇ ಎಂಬುದು. ಇದು ಪೂರ್ತಿ ಖಾಸಗಿ. ದಿನವಿಡೀ ಪೀಣ್ಯದ ಕಾರ್ಖಾನೆಯಲ್ಲಿ ನಿಂತು ಬಂದವನಿಗೆ ಇಲ್ಲದಿದ್ದರೆ ಅದು ಅವನ ದೋಷವೂ ಅಲ್ಲ, ಚಿತ್ರದ ದೋಷವೂ ಅಲ್ಲ. ನಮ್ಮ ಬಹುಪಾಲು ಜಗಳ ಮೂರನೆಯ ಪ್ರಶ್ನೆಯ ಉತ್ತರವನ್ನು ಎರಡನೆಯದರ ಜಾಗದಲ್ಲಿ ಇಡುವುದರಿಂದ ಹುಟ್ಟುತ್ತದೆ. ವಿಮರ್ಶಕರೂ ಇದಕ್ಕೆ ಹೊರತಲ್ಲ, ಅವರು ‘ನನಗೆ ಬೇಸರವಾಯಿತು’ ಎನ್ನುವ ಬದಲು ‘ನಿರೂಪಣೆ ಸಡಿಲ’ ಎಂದು ಬರೆಯುತ್ತಾರೆ, ಅಷ್ಟೇ.

ಬರೀ ತಂತ್ರದ ಮಟ್ಟದಲ್ಲಾದರೆ ಒಮ್ಮತ ಸುಲಭ. ‘ಕೆಜಿಎಫ್’ ಮೊದಲ ಭಾಗಕ್ಕೆ ಸಾಹಸ ನಿರ್ದೇಶನ, ವಿಶೇಷ ಪರಿಣಾಮಗಳ ರಾಷ್ಟ್ರಪ್ರಶಸ್ತಿ ಬಂದಾಗ ಚಿತ್ರ ಇಷ್ಟವಾಗದವರೂ ತಕರಾರು ತೆಗೆಯಲಿಲ್ಲ. ಆದರೆ ತಂತ್ರದಿಂದ ಬಹಳ ದೂರ ಹೋಗಲಾಗದು. ‘ಪಥೇರ್ ಪಾಂಚಾಲಿ’ಯ ಛಾಯಾಗ್ರಾಹಕ ಅದಕ್ಕೆ ಮೊದಲು ಒಂದು ಚಿತ್ರವನ್ನೂ ಸೆರೆಹಿಡಿದವರಲ್ಲ, ‘ತಿಥಿ’ಯ ಗಡ್ಡಪ್ಪನ ಪಾತ್ರಧಾರಿ ವೃತ್ತಿಯ ನಟರಾಗಿರಲಿಲ್ಲ; ಆದರೂ ಆ ಚಿತ್ರಗಳಿಗೆ ಕುಂದಾಗಲಿಲ್ಲ.

ತಿಳಿವಳಿಕೆಯಿಂದ ನೋಟ ಬದಲಾಗುತ್ತದೆ ಎಂಬುದಕ್ಕೆ ‘ಕಾಂತಾರ’ ಹತ್ತಿರದ ಉದಾಹರಣೆ. 2022ರಲ್ಲಿ ಪಶ್ಚಿಮ ಬೆಂಗಳೂರಿನ ತೆರೆಗಳಲ್ಲಿ ಅದನ್ನು ನೋಡಿದ ಬಯಲುಸೀಮೆಯವರಿಗೆ ಕೊನೆಯ ಇಪ್ಪತ್ತು ನಿಮಿಷ ಮೈ ನವಿರೇಳಿಸುವ ಕ್ಲೈಮ್ಯಾಕ್ಸ್. ಪಕ್ಕದ ಸೀಟಿನಲ್ಲಿ ಕೂತ ಕರಾವಳಿಯವರಿಗೆ ಅದು ಮನೆತನದ ದೈವ. ಕೆಲವರು ಕೈ ಮುಗಿದರು, ಇನ್ನು ಕೆಲವರು ಆರಾಧನೆಯನ್ನು ಹೀಗೆ ತೆರೆಗೆ ತರಬಹುದೇ ಎಂದು ಕೇಳಿದರು. ರಿಷಬ್ ಶೆಟ್ಟಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಬಂದ ಮೇಲೂ ಆ ಪ್ರಶ್ನೆ ತೀರಲಿಲ್ಲ. ಕರಾವಳಿಯ ಸ್ನೇಹಿತನಿಂದ ದೈವಾರಾಧನೆಯ ಕೋಲದ ಕಟ್ಟುಪಾಡು ತಿಳಿದುಕೊಂಡು ಮತ್ತೊಮ್ಮೆ ನೋಡಿದ ಬಯಲುಸೀಮೆಯವನಿಗೆ ಬೇರೆಯೇ ಚಿತ್ರ ಕಾಣುತ್ತದೆ. ಇಷ್ಟವನ್ನು ಒಬ್ಬರಿಂದೊಬ್ಬರಿಗೆ ದಾಟಿಸಲು ಬಾರದು, ನೋಡುವ ಬಗೆಯನ್ನು ದಾಟಿಸಬಹುದು.

ಅದನ್ನು ದೊಡ್ಡದಾಗಿ ಮಾಡಿ ತೋರಿಸಿದವರು ಕೆ.ವಿ. ಸುಬ್ಬಣ್ಣ. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1973ರಲ್ಲಿ ನೀನಾಸಮ್ ಚಿತ್ರಸಮಾಜ ಶುರುವಾಯಿತು. ಪುಣೆಯ ಚಲನಚಿತ್ರ ಸಂಸ್ಥೆಯ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ತೋಟದ ಜನ, ಕೂಲಿಯವರು, ಮೇಷ್ಟ್ರುಗಳು ಸತ್ಯಜಿತ್ ರಾಯ್, ಕುರೋಸಾವಾರನ್ನು ನೋಡಿದರು, ಕೂತು ಚರ್ಚಿಸಿದರು. ‘ಕ್ಲಾಸ್’ ಚಿತ್ರ ಬೇರೆ, ‘ಮಾಸ್’ ಚಿತ್ರ ಬೇರೆ, ಗಾಂಧಿ ಕ್ಲಾಸಿನವನಿಗೆ ಇಷ್ಟೇ ಸಾಕು ಎಂದು ಉದ್ಯಮ ಹೇಳುತ್ತಾ ಬಂದ ಮಾತು ಹೆಗ್ಗೋಡಿನಲ್ಲಿ ಸುಳ್ಳಾಯಿತು. ಹೆಗ್ಗೋಡಿನವರೆಲ್ಲ ಒಂದೇ ತೀರ್ಪು ಕೊಟ್ಟರು ಎಂದಲ್ಲ. ವಾದಕ್ಕೆ ಎಲ್ಲರೂ ತೆರೆಯ ಮೇಲಿದ್ದದ್ದನ್ನೇ ಸಾಕ್ಷಿ ಕರೆಯುವುದನ್ನು ಕಲಿತರು.

ನನ್ನ ನಿಲುವು ಇಷ್ಟು: ‘ಚೆನ್ನಾಗಿದೆ’ ಎಂಬ ತೀರ್ಪು ಎಂದೂ ವಸ್ತುನಿಷ್ಠವಾಗದು, ಅದಕ್ಕೆ ಕೊಡುವ ಕಾರಣ ಆಗಬಹುದು. ಕಾರಣವನ್ನು ಇನ್ನೊಬ್ಬ ಚಿತ್ರಕ್ಕೆ ಮರಳಿ ಪರೀಕ್ಷಿಸಲು ಬಂದರೆ ಅದು ವಿಮರ್ಶೆ. ಬಾರದಿದ್ದರೆ ಬರೆದವನ ಜ್ವರದ ವರದಿ. ಸ್ಟಾರ್ ಎಷ್ಟು ಕೊಟ್ಟರು ಎಂಬುದು ಎರಡೂ ಅಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮಲ್ಲಿ ಅತಿ ದುರ್ಬಲವಾಗಿರುವುದು ನವರಂಗ್ ಅಂಗಳವಲ್ಲ, ಸರ್ಕಾರದ ಸಮಿತಿಗಳು. 1966–67ರಿಂದ ರಾಜ್ಯ ಚಲನಚಿತ್ರ ಪ್ರಶಸ್ತಿಗಳಿವೆ. 2019ನೇ ಸಾಲಿನ ಪ್ರಶಸ್ತಿ ಪ್ರಕಟವಾದದ್ದು 2025ರ ಜನವರಿಯಲ್ಲಿ. ‘ಪೈಲ್ವಾನ್’ಗಾಗಿ ಅತ್ಯುತ್ತಮ ನಟ ಎಂದು ಆಯ್ಕೆಯಾದ ಸುದೀಪ್, ಪ್ರಶಸ್ತಿ ಸ್ವೀಕರಿಸುವುದಿಲ್ಲ ಎಂದು ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದಾಗಿ ಹೇಳಿ, ಅರ್ಹರಾದ ಬೇರೆ ನಟರಿಗೆ ಕೊಡಿ ಎಂದು ನಯವಾಗಿ ನಿರಾಕರಿಸಿದರು. ಅವರ ಅಭಿನಯದಲ್ಲಿ ಸಮಿತಿ ಏನು ಕಂಡಿತು, ಪೈಪೋಟಿಯಲ್ಲಿದ್ದ ಇನ್ನೊಬ್ಬರಲ್ಲಿ ಏನು ಕಡಿಮೆಯಾಯಿತು ಎಂದು ಆ ವಾರವಿಡೀ ನಡೆದ ಚರ್ಚೆಯಲ್ಲಿ ಯಾರೂ ಕೇಳಲಿಲ್ಲ. ಗುಣಾತ್ಮಕ ಚಿತ್ರಗಳ ಸಹಾಯಧನದ್ದೂ ಇದೇ ಪಾಡು. ಸಾರ್ವಜನಿಕರ ದುಡ್ಡು ಹೋಗುವ ಪಟ್ಟಿ ಹೊರಬರುತ್ತದೆ, ಗುಣ ಯಾವುದೆಂಬ ವಿವರಣೆ ಬರುವುದಿಲ್ಲ.

ಸಮಿತಿಯವರು ನಿಷ್ಪಕ್ಷಪಾತಿಗಳು ಎಂದು ನಾವು ನಂಬಬೇಕಿಲ್ಲ, ನಂಬಿ ಎಂದು ಅವರು ಕೇಳಲೂ ಬೇಕಿಲ್ಲ. ಪ್ರಶಸ್ತಿಯನ್ನು ಆಯಾ ವರ್ಷವೇ ಪ್ರಕಟಿಸಲಿ. ಗೆದ್ದ ಒಂದೊಂದು ಚಿತ್ರಕ್ಕೂ ಒಂದು ಪುಟದಷ್ಟು ಕಾರಣ ಬರೆದು, ಒಪ್ಪದ ಸದಸ್ಯರಿದ್ದರೆ ಅವರ ಭಿನ್ನಮತವನ್ನೂ ಸೇರಿಸಿ, ಕೆಳಗೆ ಸಹಿ ಹಾಕಲಿ. ನಂದಿನಿ ಲೇಔಟಿನಲ್ಲಿರುವ ಚಲನಚಿತ್ರ ಅಕಾಡೆಮಿ ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಲಿ. ಮುಂದಿನ ಸಾಲಿನ ಪಟ್ಟಿಯಿಂದಲೇ ಇದು ಶುರುವಾಗಲಿ.